ಕಿಟಕಿ ಕಿತ್ತು ಒಳತಂದ ಕಾದಂಬರಿ ಯಂತ್ರ

1968ರಲ್ಲಿ ದಕ್ಷಿಣ ಲಂಡನ್ನಿನ ಮೆರಿಕ್ ಸ್ಕ್ವೇರ್‌ನಲ್ಲಿ ಮನೆಯೊಂದರ ಕಿಟಕಿ ಕಿತ್ತು, ಸುಮಾರು 90 ಕಿಲೋ ತೂಕದ ಯಂತ್ರವನ್ನು ಕ್ರೇನಿನಿಂದ ಎತ್ತಿ ಒಳಗಿಳಿಸಿದರು. ಮನೆ ಗೂಢಚಾರರ ಕಥೆಗಳಿಂದ ಹೆಸರಾಗಿದ್ದ ಕಾದಂಬರಿಕಾರ ಲೆನ್ ಡೈಟನ್ ಅವರದು. ಯಂತ್ರ ಐಬಿಎಂ ಕಂಪನಿಯ ಎಂಟಿ72.

ಡೈಟನ್ ಆಗ ಬರೆಯಹೊರಟಿದ್ದುದು ‘ಬಾಂಬರ್’. ಎರಡನೇ ಮಹಾಯುದ್ಧದ ಒಂದು ಹಗಲು, ಒಂದು ರಾತ್ರಿಯ ಕಥೆ: ಬ್ರಿಟಿಷ್ ವಿಮಾನಗಳು ಹೊರಡುತ್ತವೆ, ಗುರಿ ತಪ್ಪಿ ಜರ್ಮನಿಯ ಸಣ್ಣ ಪಟ್ಟಣವೊಂದರ ಮೇಲೆ ಬಾಂಬು ಸುರಿಯುತ್ತವೆ. ದಾಳಿಯ ದಿನ 1943ರ ಜೂನ್ 31. ಕ್ಯಾಲೆಂಡರಿನಲ್ಲೇ ಇಲ್ಲದ ತಾರೀಕು! ಉಳಿದ ವಿವರಗಳಲ್ಲಿ ಮಾತ್ರ ಲೇಖಕರದು ಮಹಾ ಕಟ್ಟುನಿಟ್ಟು. ಆಕಾಶದಲ್ಲಿದ್ದವರು, ನೆಲದಲ್ಲಿದ್ದವರು, ಎರಡೂ ಪಕ್ಷದವರು ಎಲ್ಲರ ಗಡಿಯಾರವೂ ಒಂದಕ್ಕೊಂದು ತಾಳೆಯಾಗಬೇಕು. ಒಂದು ಕಡೆ ಹೊತ್ತು ಬದಲಿಸಿದರೆ ಇನ್ನೆಷ್ಟೋ ಪುಟಗಳನ್ನು ತಿದ್ದಬೇಕು.

ತಿದ್ದಿದ್ದನ್ನು ಮತ್ತೆ ಮತ್ತೆ ಟೈಪ್ ಮಾಡುವ ಪಾಡು ಸಹಾಯಕಿ ಎಲಿನಾರ್ ಹ್ಯಾಂಡ್ಲಿ ಅವರದು. ಒಂದೇ ಅಧ್ಯಾಯವನ್ನು ಹತ್ತಾರು ಸಲ ಟೈಪ್ ಮಾಡುತ್ತಾರೆಂದು ಕೇಳಿದ ಐಬಿಎಂ ರಿಪೇರಿಯವನೊಬ್ಬ ಈ ಹೊಸ ಯಂತ್ರದ ಸುದ್ದಿ ಹೇಳಿದ್ದ. ಅದಕ್ಕೆ ಪರದೆ ಇರಲಿಲ್ಲ. ಕೀಲಿ ಒತ್ತಿದಂತೆ ಅಕ್ಷರ ಕಾಗದದ ಮೇಲೂ ಬೀಳುತ್ತಿತ್ತು, ಪಕ್ಕದ ಪೆಟ್ಟಿಗೆಯ ಮ್ಯಾಗ್ನೆಟಿಕ್ ಟೇಪಿನಲ್ಲೂ ದಾಖಲಾಗುತ್ತಿತ್ತು. ತಪ್ಪಾದರೆ ಹಿಂದೆ ಸರಿದು ಅದರ ಮೇಲೇ ಹೊಡೆದರಾಯಿತು. ಕೊನೆಗೆ ಶುದ್ಧಪ್ರತಿಯನ್ನು ಯಂತ್ರ ತಾನೇ ಟಕಟಕನೆ ಟೈಪಿಸಿಕೊಡುತ್ತಿತ್ತು.

‘ಬಾಂಬರ್’ 1970ರಲ್ಲಿ ಹೊರಬಂತು. ಬರಹ ತಿದ್ದುವ ಇಂಥ ಯಂತ್ರದಲ್ಲಿ, ಅಂದರೆ ವರ್ಡ್ ಪ್ರೊಸೆಸರಿನಲ್ಲಿ, ಸಿದ್ಧವಾದ ಮೊದಲ ಕಾದಂಬರಿ ಬಹುಶಃ ಇದೇ ಎಂದು ಸಂಶೋಧಕ ಮ್ಯಾಥ್ಯೂ ಕಿರ್ಶೆನ್‌ಬಾಮ್ 2016ರಲ್ಲಿ ಪ್ರಕಟಿಸಿದ ‘ಟ್ರ್ಯಾಕ್ ಚೇಂಜಸ್’ ಪುಸ್ತಕದಲ್ಲಿ ವಾದಿಸುತ್ತಾರೆ. ಆ ಕೀರ್ತಿಯಲ್ಲಿ ಹ್ಯಾಂಡ್ಲಿ ಅವರಿಗೂ ಅರ್ಧ ಪಾಲು ಸಲ್ಲಬೇಕು; ಯಂತ್ರವನ್ನು ನಡೆಸಿದ ಕೈ ಅವರದೇ.

ಆದರೆ ಟೇಪು ಉಳಿಸಿದ್ದು ಟೈಪಿಂಗಿನ ಶ್ರಮವನ್ನಷ್ಟೇ. ಕಥೆಯನ್ನು ಜೋಡಿಸುವ ಕೆಲಸ ಗೋಡೆಯ ನಕಾಶೆ, ಪಟ್ಟಿಗಳ ಮೇಲೆಯೇ ಉಳಿಯಿತು. ಕಾದಂಬರಿಕಾರ ನಬೊಕೊವ್ ‘ಲೊಲಿಟಾ’ವನ್ನು ಚೀಟಿಗಳ ಮೇಲೆ ಬರೆದದ್ದೂ ಇಂಥ ಜೋಡಣೆಯ ಅನುಕೂಲಕ್ಕೆ: ಚೀಟಿಯನ್ನು ಎಲ್ಲಿಗೆ ಬೇಕಾದರೂ ಸರಿಸಬಹುದು. 1978ರ ವರ್ಡ್‌ಸ್ಟಾರ್, ಆಮೇಲಿನ ಇತರ ತಂತ್ರಾಂಶಗಳು ಪರದೆಯ ಮೇಲೆ ಪ್ಯಾರಾ ಎತ್ತಿಡುವುದನ್ನು ಸಲೀಸು ಮಾಡಿದವು. ಅಷ್ಟಾದರೂ ಕಾದಂಬರಿ ಅವುಗಳ ಪಾಲಿಗೆ ಉದ್ದನೆಯ ಒಂದು ಪತ್ರವೇ.

ಇಂಥ ಚೀಟಿಗಳನ್ನು ಕಂಪ್ಯೂಟರಿಗೆ ತಂದು ಜನಪ್ರಿಯಗೊಳಿಸಿದ್ದು 2007ರ ಸ್ಕ್ರಿವನರ್ ತಂತ್ರಾಂಶ. ಅದನ್ನು ರೂಪಿಸಿದ ಇಂಗ್ಲೆಂಡಿನ ಕೀತ್ ಬ್ಲೌಂಟ್ ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದವರು. ಕಾದಂಬರಿ ಬರೆಯುವ ಆಸೆಯಿತ್ತು, ಒಗ್ಗುವ ತಂತ್ರಾಂಶ ಸಿಗಲಿಲ್ಲ, ಕೋಡಿಂಗ್ ತಾವೇ ಕಲಿತರು. ಸ್ಕ್ರಿವನರ್ ಪರದೆಯಲ್ಲಿ ಕಾರ್ಕ್ ಹಲಗೆ, ಹಲಗೆಯ ತುಂಬ ಚೀಟಿ. ಒಂದೊಂದು ಚೀಟಿಯ ಹಿಂದೆ ಒಂದೊಂದು ದೃಶ್ಯ. ಚೀಟಿ ಎಳೆದರೆ ದೃಶ್ಯವೂ ಜೊತೆಗೆ ಸರಿಯುತ್ತದೆ.

ಎಲ್ಲರಿಗೂ ಇಂಥ ಸೌಕರ್ಯ ಬೇಕಿಲ್ಲ. ಲೆಕ್ಕವಿಲ್ಲದಷ್ಟು ಪಾತ್ರಗಳನ್ನು ಸಾಕಿಕೊಂಡಿರುವ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್, ಇಂಟರ್ನೆಟ್ಟಿಲ್ಲದ ಹಳೆಯ ಡಾಸ್ ಕಂಪ್ಯೂಟರಿನಲ್ಲಿ ವರ್ಡ್‌ಸ್ಟಾರ್ 4.0 ಬಳಸಿಯೇ ಬರೆಯುವುದಾಗಿ 2014ರ ಟಿವಿ ಸಂದರ್ಶನದಲ್ಲಿ ಹೇಳಿದರು. ಸಣ್ಣಕ್ಷರ ಹೊಡೆದರೆ ಅದನ್ನು ದೊಡ್ಡದು ಮಾಡುವ ತಂತ್ರಾಂಶದ ಉಪಕಾರ ಅವರಿಗೆ ಬೇಡ. ಶಿಫ್ಟ್ ಕೀ ಒತ್ತುವುದು ಅವರಿಗೂ ಗೊತ್ತಂತೆ.