ಚಾವಿ ಕೊಟ್ಟರೆ ಹಾಡುವ ಪೆಟ್ಟಿಗೆ

ಭಾರತದಲ್ಲಿ ಗ್ರಾಮಫೋನ್ ಪ್ಲೇಟಿಗೆ ಹಾಡಿ ಮೊದಲು ಮನೆಮಾತಾದ ಗೌಹರ್ ಜಾನ್ ತೀರಿಕೊಂಡದ್ದು ನಮ್ಮ ಮೈಸೂರಿನಲ್ಲಿ, 1930ರ ಜನವರಿ 17ರಂದು. ನಾಲ್ವಡಿ ಕೃಷ್ಣರಾಜ ಒಡೆಯರು 1928ರಲ್ಲಿ ಅವರನ್ನು ಆಸ್ಥಾನಕ್ಕೆ ಕರೆಸಿಕೊಂಡಿದ್ದರು. ಈ ಊರಿನವನಾದ ನನಗೆ ಹಳೆಯ ಪ್ಲೇಟುಗಳ ಹುಚ್ಚು ಹತ್ತಿದ ಮೇಲೆ ಈ ವಿಷಯ ತಿಳಿದು ಮನಸ್ಸು ಕಲಕಿತು. ಅಂಥವರು ಕಡೆಯ ದಿನಗಳನ್ನು ಕಳೆದ ಊರಿನಲ್ಲಿ ಅವರ ಹೆಸರು ಹೇಳುವವರು ಇವತ್ತು ತೀರ ಕಡಿಮೆ.

1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಲಂಡನ್ನಿನ ಗ್ರಾಮಫೋನ್ ಕಂಪನಿಯ ಪರವಾಗಿ ಕಲ್ಕತ್ತಕ್ಕೆ ಬಂದು ಗೌಹರ್ ಜಾನರ ದನಿ ಮುದ್ರಿಸಿಕೊಂಡ. ಆಗ ಮುದ್ರಣಕ್ಕೆ ಮೈಕ್ ಬಳಸುತ್ತಿರಲಿಲ್ಲ. ದೊಡ್ಡ ತುತ್ತೂರಿಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಆ ಕಡೆಯ ತುದಿಯಲ್ಲಿ ತೆಳು ಪೊರೆ ಅದುರಿ, ಅದಕ್ಕೆ ಹೊಂದಿಸಿದ ಮೊನೆ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಆ ಮೇಣದ ತಟ್ಟೆಗಳು ಹಡಗು ಹತ್ತಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಪ್ಲೇಟುಗಳಾಗಿ ತಿರುಗಿ ಬಂದವು. ಹಾಡು ಮುಗಿದೊಡನೆ ಗೌಹರ್ ಜಾನ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಹೇಳುವುದು ಆ ಪ್ಲೇಟುಗಳಲ್ಲಿ ಕೇಳುತ್ತದೆ. ಯಾವ ಹಾಡು ಯಾರದೆಂದು ಹ್ಯಾನೋವರಿನವರಿಗೆ ಗೊತ್ತಾಗಲೆಂದು ಹೀಗೆ ಹೇಳಿಸುತ್ತಿದ್ದರಂತೆ. ಮೈಕ್ ಇಟ್ಟು ಮುದ್ರಿಸುವ ಪದ್ಧತಿ ಬಂದದ್ದು 1925ರಲ್ಲಿ.

ನನ್ನಲ್ಲಿರುವ ಗ್ರಾಮಫೋನು ಎಚ್.ಎಂ.ವಿ. 102. ಸೂಟ್‌ಕೇಸಿನಂತೆ ಮುಚ್ಚಿ ಹಿಡಿದುಕೊಂಡು ಹೋಗುವ ಕಪ್ಪು ಪೋರ್ಟಬಲ್. 1931ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಇದಕ್ಕೂ ತುತ್ತೂರಿಯುಂಟು, ಪೆಟ್ಟಿಗೆಯೊಳಗೆ ಮಡಚಿಕೊಂಡು ಕೂತಿದೆ. ದನಿ ಹಿಂಭಾಗದಿಂದ ಹೊರಟು, ತೆರೆದ ಮುಚ್ಚಳಕ್ಕೆ ಬಡಿದು ನಮ್ಮ ಕಡೆ ತಿರುಗುತ್ತದೆ. ಪಕ್ಕದ ಹಿಡಿಕೆ ತಿರುವಿ ಚಾವಿ ಕೊಟ್ಟರೆ ಒಳಗಿನ ಉಕ್ಕಿನ ಪಟ್ಟಿ ಸುತ್ತಿಕೊಂಡು ಬಿಗಿಯುತ್ತದೆ. ಅದು ಒಂದೇ ಸಲಕ್ಕೆ ಬಿಚ್ಚಿಕೊಳ್ಳದಂತೆ ತಡೆಯುವುದು ಗವರ್ನರ್: ಸಣ್ಣ ಕಂಬಿಯ ಸುತ್ತ ಮೂರು ಸೀಸದ ಗುಂಡುಗಳು. ವೇಗ ಹೆಚ್ಚಿದರೆ ಗುಂಡುಗಳು ಅಗಲಕ್ಕೆ ಚಿಮ್ಮಿ, ಒಂದು ಬಿಲ್ಲೆಯನ್ನು ಎಳೆದು ಬ್ರೇಕಿಗೆ ಒತ್ತುತ್ತವೆ. ನಿಮಿಷಕ್ಕೆ 78 ಸುತ್ತಿನ ಲೆಕ್ಕ ತಪ್ಪದೆ ನಡೆಯುವುದು ಇಷ್ಟರಿಂದಲೇ. ಮೇಲಿನ ಹಲಗೆ ಬಿಚ್ಚಿ ಇದನ್ನು ನೋಡುತ್ತ ಕೂರುವುದೇ ಒಂದು ಸುಖ.

ಪ್ಲೇಟು ಅರಗಿನದು. ನಮ್ಮ ಛೋಟಾ ನಾಗಪುರದ ಕಾಡುಗಳ ಅರಗು ಪ್ರಪಂಚದ ಪ್ಲೇಟು ಕಾರ್ಖಾನೆಗಳಿಗೆಲ್ಲ ಹೋಗುತ್ತಿತ್ತು. ಅರಗಿಗೆ ಕಲ್ಲಿನ ಪುಡಿ ಬೆರೆಸುತ್ತಿದ್ದುದರಿಂದ ಪ್ಲೇಟು ಮುಳ್ಳನ್ನು ತುಸು ಸವೆಸಿ ತನ್ನ ಗೆರೆಗೆ ಹೊಂದಿಸಿಕೊಳ್ಳುತ್ತದೆ. ಹಾಗಾಗಿ ಉಕ್ಕಿನ ಮುಳ್ಳು ಒಂದು ಮಗ್ಗುಲಿಗೆ ಮಾತ್ರ. ಮಗುಚಿ ಹಾಕಿದರೆ ಹೊಸದು. ಇಲ್ಲಿ ಜಿಪುಣತನ ಮಾಡಿದರೆ ಸವೆದ ಮುಳ್ಳು ಹಾಡನ್ನೇ ಕೆತ್ತಿ ತೆಗೆಯುತ್ತದೆ.

ಹತ್ತಂಗುಲದ ಪ್ಲೇಟಿನಲ್ಲಿ ಸುಮಾರು ಮೂರು ನಿಮಿಷದ ಜಾಗ. ಗಂಟೆಗಟ್ಟಲೆ ರಾಗ ಬೆಳೆಸುತ್ತಿದ್ದವರು ಮೂರು ನಿಮಿಷದಲ್ಲಿ ಮುಗಿಸಬೇಕಾಯಿತಲ್ಲ ಎಂದು ಮರುಗುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಅಬ್ದುಲ್ ಕರೀಂ ಖಾನರ ಪ್ಲೇಟು ಹಾಕಿ. ಮೊದಲ ಉಸಿರಿಗೇ ರಾಗ ಎದುರಿಗೆ ಬಂದು ನಿಲ್ಲುತ್ತದೆ. ಇನ್ನು ಗಂಗೂಬಾಯಿ ಹಾನಗಲ್ಲರ 1930ರ ದಶಕದ ಪ್ಲೇಟುಗಳು! ಆಗ ಅವರ ಹೆಸರು ಗಾಂಧಾರಿ ಎಂದು ಅಚ್ಚಾಗುತ್ತಿತ್ತು. ಗಂಟಲಿನ ಶಸ್ತ್ರಚಿಕಿತ್ಸೆಗೆ ಮುಂಚಿನ ಆ ಎತ್ತರದ, ತೆಳ್ಳನೆಯ ಕಂಠ ಕೇಳಿದವರು ಅದು ಗಂಗೂಬಾಯಿಯವರದೇ ಎಂದು ಸುಲಭಕ್ಕೆ ನಂಬುವುದಿಲ್ಲ. ಪ್ಲೇಟು ಇರದಿದ್ದರೆ ಆ ಕಂಠ ನಮಗೆ ಸಿಗುತ್ತಿರಲಿಲ್ಲ.

ಪ್ಲೇಟು ಲೋಕದ ಮೇಲೆ ಮೈಸೂರಿನ ಋಣ ಇನ್ನೊಂದಿದೆ. ಲಂಡನ್ನಿನಲ್ಲಿ ಹೆಚ್ಚು ಜನ ಗಮನಿಸದೆ ಬದುಕಿದ್ದ ರಷ್ಯದ ಸಂಗೀತಕಾರ ನಿಕೊಲಾಯ್ ಮೆಟ್ನರ್ ತನ್ನ ಕೃತಿಗಳನ್ನು ತಾನೇ ನುಡಿಸಿ ಎಚ್.ಎಂ.ವಿ.ಗೆ ಮುದ್ರಿಸಲು 1940ರ ದಶಕದ ಕೊನೆಗೆ ಹಣ ಕೊಟ್ಟವರು ಮೈಸೂರಿನ ಮಹಾರಾಜ ಜಯಚಾಮರಾಜ ಒಡೆಯರು. 1951ರಲ್ಲಿ ಮೆಟ್ನರ್ ತೀರಿಕೊಂಡ. ಪ್ಲೇಟುಗಳು ಉಳಿದವು.

ಬೇರೆ ಎಷ್ಟೋ ದೇಶಗಳು 78ರ ಪ್ಲೇಟನ್ನು ಬಿಟ್ಟ ಮೇಲೂ ನಮ್ಮಲ್ಲಿ 1960ರ ದಶಕದಲ್ಲಿ ಅದು ತಯಾರಾಗುತ್ತಲೇ ಇತ್ತು. ಬೀಟಲ್ಸ್ ಹಾಡುಗಳೂ ಇಲ್ಲಿ ಹಾಗೆ ಬಂದಿವೆ. ಕರೆಂಟಿಲ್ಲದ ಹಳ್ಳಿಗಳಲ್ಲಿ ಚಾವಿಯ ಪೆಟ್ಟಿಗೆ ಹಾಡುತ್ತಿತ್ತಲ್ಲ!

ಕೊಳ್ಳುವವರಿಗೆ ಒಂದು ಮಾತು. ಪೇಟೆಯಲ್ಲಿ ಫಳಫಳ ಹೊಳೆಯುವ ಹಿತ್ತಾಳೆ ತುತ್ತೂರಿಯ ಗ್ರಾಮಫೋನುಗಳನ್ನು ‘ಆಂಟಿಕ್’ ಎಂದು ಮಾರುತ್ತಾರೆ. ಬಹುಪಾಲು ಇತ್ತೀಚೆಗೆ ಕಟ್ಟಿದವು. ಹಳೆಯ ಪೋರ್ಟಬಲ್‌ನ ಮೋಟಾರು ಕಿತ್ತು ಹೊಸ ಮರದ ಪೆಟ್ಟಿಗೆಗೆ ಕೂರಿಸಿ, ಮೇಲೊಂದು ಎಚ್.ಎಂ.ವಿ. ನಾಯಿಯ ಚಿತ್ರ ಅಂಟಿಸಿರುತ್ತಾರೆ. ಷೋಕೇಸಿಗಾಗಿ ಚೆನ್ನಾಗಿ ಹಾಡುವ ಒಂದು ಯಂತ್ರವನ್ನು ಕೊಂದ ಹಾಗೆ ಅದು. ಅಂದ ಕಡಿಮೆಯಾದರೂ ಪರವಾಗಿಲ್ಲ, ಕಪ್ಪು ಪೆಟ್ಟಿಗೆಯನ್ನೇ ಹುಡುಕಿ. ಚಾವಿ ಕೊಟ್ಟು ಕಿವಿಗೊಡಿ: ‘ದಡ್’ ಎಂದರೆ ಸ್ಪ್ರಿಂಗಿನ ಗ್ರೀಸು ಒಣಗಿದೆ, ರಿಪೇರಿಯಾಗುತ್ತದೆ. ಎಲ್‌ಪಿಯನ್ನು ಮಾತ್ರ ಅದರ ಮೇಲೆ ಹಾಕಬೇಡಿ. ಮುಳ್ಳು ಹಿಡಿದಿರುವ ಸೌಂಡ್ ಬಾಕ್ಸಿನ ಭಾರಕ್ಕೆ ಒಂದೇ ಸಲಕ್ಕೆ ಹಾಳಾಗುತ್ತದೆ.

ನಿಮ್ಮ ಮನೆಯ ಅಟ್ಟದಲ್ಲಿ ಪ್ಲೇಟುಗಳಿದ್ದರೆ ಸ್ಪಿರಿಟ್ ಹಾಕಿ ಒರೆಸಬೇಡಿ, ಅರಗು ಅದರಲ್ಲಿ ಕರಗುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದು, ಒಂದರ ಮೇಲೊಂದು ಪೇರಿಸದೆ ನೆಟ್ಟಗೆ ನಿಲ್ಲಿಸಿ. ಗುಜರಿಗೆ ಹಾಕುವ ಮುಂಚೆ ದಯವಿಟ್ಟು ಲೇಬಲ್ ಓದಿ. ಕಂಪನಿ ನಾಟಕದ ಹಾಡೋ ದೇವರನಾಮವೋ ಕಾಳಿಂಗರಾಯರ ಭಾವಗೀತೆಯೋ ಇರಬಹುದು. ಎಷ್ಟೋ ಹಾಡುಗಳ ಮೂಲ ಅಚ್ಚುಗಳು ನಾಶವಾಗಿವೆ. ನಿಮ್ಮ ಕೈಯಲ್ಲಿರುವುದೇ ಉಳಿದಿರುವ ಪ್ರತಿಯಾಗಿದ್ದರೂ ಆಗಿರಬಹುದು.