ವೀವರ್ಕ್: ‘ನಾವು’ ಎಂದು ದುಡಿದವರಿಗೆ ದಕ್ಕಿದ್ದೇನು?

ಖಾಲಿ ಕಟ್ಟಡಗಳನ್ನು ದೀರ್ಘಾವಧಿ ಗುತ್ತಿಗೆಗೆ ಪಡೆದು, ಸಜ್ಜುಗೊಳಿಸಿ, ಮೇಜು-ಕುರ್ಚಿಗಳ ಲೆಕ್ಕದಲ್ಲಿ ತಿಂಗಳ ಬಾಡಿಗೆಗೆ ಕೊಡುವ ವ್ಯವಹಾರಕ್ಕೆ ಕೋವರ್ಕಿಂಗ್ ಎಂದು ಹೆಸರು. ಆಡಂ ನ್ಯೂಮನ್ ಮತ್ತು ಮಿಗೆಲ್ ಮೆಕೆಲ್ವಿ 2010ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭಿಸಿದ ವೀವರ್ಕ್ ಈ ಕ್ಷೇತ್ರದ ಅತಿ ಪರಿಚಿತ ಸಂಸ್ಥೆ. ಅಲ್ಲಿನ ನೌಕರರ ಪಾಲಿಗೆ ಸಂಸ್ಥೆಯ ಸಂಸ್ಕೃತಿ ಹತ್ತೇ ವರ್ಷಗಳಲ್ಲಿ ಬುಡಮೇಲಾಯಿತು.

ತಾನು ಜಾಗ ಬಾಡಿಗೆಗೆ ಕೊಡುತ್ತಿಲ್ಲ, ಸಮುದಾಯ ಕಟ್ಟುತ್ತಿದ್ದೇನೆ ಎಂಬುದು ಸಂಸ್ಥೆಯ ಹೆಗ್ಗಳಿಕೆಯಾಗಿತ್ತು. ಬಾಡಿಗೆದಾರರನ್ನು ‘ಸದಸ್ಯರು’ ಎಂದೂ ಕಟ್ಟಡದ ಉಸ್ತುವಾರಿ ಹೊತ್ತವರನ್ನು ‘ಕಮ್ಯುನಿಟಿ ಮ್ಯಾನೇಜರ್’ ಎಂದೂ ಕರೆಯಲಾಗುತ್ತಿತ್ತು. ಬಂದವರನ್ನು ಸ್ವಾಗತಿಸುವುದು, ಪರಸ್ಪರ ಪರಿಚಯಿಸುವುದು, ಕೂಟಗಳನ್ನು ಏರ್ಪಡಿಸುವುದು ಇವರ ಕೆಲಸ. ಪ್ರಿಂಟರ್ ಕೆಟ್ಟರೂ ದೂರು ಬರುತ್ತಿದ್ದುದು ಇವರ ಬಳಿಗೇ. ನೌಕರರಿಗೆ ಸೋಮವಾರದ ಸಭೆಗಳು, ಬೇಸಿಗೆ ಶಿಬಿರ, ಧಾರಾಳ ಬಿಯರ್ ಇದ್ದವು. 2018ರ ಜುಲೈನಲ್ಲಿ ನಿರ್ಬಂಧವೊಂದೂ ಬಂತು: ಸಂಸ್ಥೆಯ ಕೂಟಗಳಲ್ಲಿ ಮಾಂಸವಿಲ್ಲ, ನೌಕರರ ಮಾಂಸಾಹಾರದ ಬಿಲ್ಲಿಗೆ ಹಣವೂ ಇಲ್ಲ. ಮೀನಿಗೆ ಮಾತ್ರ ವಿನಾಯಿತಿ!

ಸಮುದಾಯದ ಮಾತಿನ ಮರೆಯಲ್ಲಿ ಬಿಗಿಯಾದ ಕರಾರೂ ಇತ್ತು. ಕೆಲಸ ಬಿಟ್ಟವರು ಪ್ರತಿಸ್ಪರ್ಧಿ ಸಂಸ್ಥೆ ಸೇರಬಾರದೆಂಬ ಷರತ್ತಿಗೆ ಶುಚಿತ್ವ ಸಿಬ್ಬಂದಿಯೂ ಸಹಿ ಹಾಕಬೇಕಿತ್ತು. ವ್ಯಾಪಾರದ ಗುಟ್ಟು ಕಸಬರಿಕೆಯಲ್ಲಿ ಅಡಗಿರುವುದೇ? ನ್ಯೂಯಾರ್ಕ್ ಮತ್ತು ಇಲಿನಾಯ್ ರಾಜ್ಯಗಳ ಅಟಾರ್ನಿ ಜನರಲ್‌ಗಳು ಮಧ್ಯಪ್ರವೇಶಿಸಿದ ಬಳಿಕ, 2018ರ ಸೆಪ್ಟೆಂಬರ್‌ನಲ್ಲಿ ಸಂಸ್ಥೆ ಅಮೆರಿಕದ ಬಹುತೇಕ ನೌಕರರ ಮೇಲಿನ ಈ ಷರತ್ತನ್ನು ಕೈಬಿಟ್ಟಿತು ಇಲ್ಲವೇ ಸಡಿಲಿಸಿತು.

ಭವಿಷ್ಯದಲ್ಲಿ ನಿಗದಿತ ಬೆಲೆಗೆ ಷೇರು ಕೊಳ್ಳುವ ಹಕ್ಕು, ಅಂದರೆ ಸ್ಟಾಕ್ ಆಪ್ಷನ್, ಹಲವರನ್ನು ಸಂಸ್ಥೆಗೆ ಕಟ್ಟಿಹಾಕಿತ್ತು. 2019ರ ಜನವರಿಯಲ್ಲಿ ಸಂಸ್ಥೆಯ ಅಂದಾಜು ಮೌಲ್ಯ 4,700 ಕೋಟಿ ಡಾಲರ್. ಆಗಸ್ಟ್‌ನಲ್ಲಿ ಷೇರುಪೇಟೆ ಪ್ರವೇಶಕ್ಕೆ ಸಲ್ಲಿಸಿದ ದಾಖಲೆ ನಿಜ ಸ್ಥಿತಿಯನ್ನು ಬಯಲಿಗೆಳೆಯಿತು. 2018ರ ಆದಾಯ ಸುಮಾರು 180 ಕೋಟಿ ಡಾಲರ್; ನಷ್ಟ ಅದಕ್ಕಿಂತಲೂ ಹೆಚ್ಚು. ಕಟ್ಟಡದ ಮಾಲೀಕರಿಗೆ ಹತ್ತಾರು ವರ್ಷಗಳ ಬಾಡಿಗೆಯ ಬದ್ಧತೆ, ಆದರೆ ಸದಸ್ಯರು ಅಲ್ಪಾವಧಿಯಲ್ಲೇ ಎದ್ದು ಹೋಗಬಹುದು. ಸೆಪ್ಟೆಂಬರ್ 24ರಂದು ನ್ಯೂಮನ್ ಸಿಇಒ ಹುದ್ದೆ ತೊರೆದರು. ಷೇರು ಬಿಡುಗಡೆಯೂ ರದ್ದಾಯಿತು.

ಅಕ್ಟೋಬರ್‌ನಲ್ಲಿ ಜಪಾನಿನ ಸಾಫ್ಟ್‌ಬ್ಯಾಂಕ್ ನೆರವಿಗೆ ಬಂದಾಗ ಮೌಲ್ಯ ಸುಮಾರು 800 ಕೋಟಿ ಡಾಲರ್‌ಗೆ ಕುಸಿದಿತ್ತು. ಅನೇಕ ನೌಕರರ ಆಪ್ಷನ್‌ಗಳಲ್ಲಿ ನಮೂದಾದ ಬೆಲೆಯೇ ಷೇರಿನ ಬೆಲೆಗಿಂತ ಮೇಲಿದ್ದುದರಿಂದ ಅವು ಬರೀ ಕಾಗದವಾದವು. ನ್ಯೂಮನ್‌ಗಾದರೋ ಸುಮಾರು 170 ಕೋಟಿ ಡಾಲರ್‌ವರೆಗಿನ ನಿರ್ಗಮನ ಒಪ್ಪಂದ ಸಿದ್ಧವಾಗಿತ್ತು. ಮುಂದೆ ಅದು ಭಾಗಶಃ ಕಡಿತಗೊಂಡಿತು. ನವೆಂಬರ್‌ನಲ್ಲಿ ಸುಮಾರು 2,400 ಮಂದಿ ಕೆಲಸ ಕಳೆದುಕೊಂಡರು. ಶುಚಿತ್ವ ಸಿಬ್ಬಂದಿಯನ್ನು ಹೊರಗುತ್ತಿಗೆಗೆ ವರ್ಗಾಯಿಸುವ ನಿರ್ಧಾರವೂ ಆಗಲೇ ಆಯಿತು. ‘ನಾವು’ ಎಂಬುದರ ಗಡಿಯನ್ನು ಎಲ್ಲಿ ಎಳೆಯಲಾಗಿದೆ ಎಂಬುದು ಅವರಿಗೆ ತಿಳಿದದ್ದು ಹೀಗೆ.

2020ರ ಫೆಬ್ರುವರಿಯಲ್ಲಿ ರಿಯಲ್ ಎಸ್ಟೇಟ್ ಅನುಭವಿ ಸಂದೀಪ್ ಮತ್ರಾಣಿ ಸಿಇಒ ಆದರು. ಉತ್ಸವದ ಭಾಷೆ ಹೋಗಿ ವೆಚ್ಚ ಕಡಿತದ ಭಾಷೆ ಬಂತು, ಬೆನ್ನಿಗೇ ಕೋವಿಡ್. 2021ರಲ್ಲಿ ಷೇರುಪೇಟೆಗೆ ಬಂದ ಸಂಸ್ಥೆ 2023ರ ನವೆಂಬರ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ಸಾಲ, ಬಾಡಿಗೆಗಳನ್ನು ತಗ್ಗಿಸಿಕೊಂಡು 2024ರ ಜೂನ್‌ನಲ್ಲಿ ಹೊರಬಂತು.

ಬೆಂಗಳೂರಿನ ಎಂಬೆಸಿ ಸಮೂಹ 2017ರಲ್ಲಿ ಇದೇ ಹೆಸರನ್ನು ಪಡೆದು ಆರಂಭಿಸಿದ ವೀವರ್ಕ್ ಇಂಡಿಯಾ ಆ ದಿವಾಳಿ ಪ್ರಕ್ರಿಯೆಯಿಂದ ಹೊರಗಿತ್ತು. 2025ರ ಅಕ್ಟೋಬರ್‌ನಲ್ಲಿ ಅದು ಭಾರತದ ಷೇರುಪೇಟೆ ಪ್ರವೇಶಿಸಿತು.