ಮೊದಲ ಎರಡು ದಿನ

ಹೈದರಾಬಾದಿನ ಮೆಟ್ರೋದಲ್ಲಿ ಮಿಯಾಪುರದಿಂದ ಅಮೀರ್‌ಪೇಟೆ ಕಡೆಗೆ ಹೊರಟರೆ ಎರ್ರಗಡ್ಡ ಆದ ಮೇಲೆ ಬರುವ ನಿಲ್ದಾಣದ ಹೆಸರು ಇ.ಎಸ್.ಐ. ಆಸ್ಪತ್ರೆ. 2017ರ ನವೆಂಬರಿನಲ್ಲಿ ಈ ಮಾರ್ಗ ಶುರುವಾಯಿತು. ಗಾಡಿಯಲ್ಲಿ ಆ ಹೆಸರು ಹೇಳಿದಾಗಲೆಲ್ಲ ನನಗೆ ನಮ್ಮ ಕಾಕಾ ನೆನಪಾಗುತ್ತಾರೆ.

ಕಾಕಾ ಭಾಲ್ಕಿ ಕಡೆಯವರು. 1980ರ ದಶಕದಲ್ಲಿ ಸನತ್‌ನಗರದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ನಮ್ಮ ಬೀದರ್ ಜಿಲ್ಲೆಯವರಿಗೆ ಹೈದರಾಬಾದು ಪೂರ್ತಿ ಪರವೂರೂ ಅಲ್ಲ, ಸ್ವಂತ ಊರೂ ಅಲ್ಲ. 1956ರ ನವೆಂಬರ್ 1ರವರೆಗೆ ಬೀದರ್, ಗುಲ್ಬರ್ಗ, ರಾಯಚೂರು ಮೂರೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ರಾಜ್ಯ ಬೇರೆಯಾದ ಮೇಲೂ ಎರಡು ದಾರಿ ಮಾತ್ರ ಮುಚ್ಚಲಿಲ್ಲ. ಒಂದು ಕೆಲಸದ ದಾರಿ, ಇನ್ನೊಂದು ದವಾಖಾನೆಯ ದಾರಿ. ಮನೆಯಲ್ಲಿ ಯಾರಿಗಾದರೂ ಜಡ್ಡು ಜೋರಾದರೆ "ಹೈದರಾಬಾದಿಗೆ ಒಯ್ರಿ" ಅನ್ನೋದು ನಮ್ಮ ಕಡೆ ಇವತ್ತಿಗೂ ರೂಢಿ. ನಿಜಾಮರ ಕಾಲದ ಅಫ್ಜಲ್‌ಗಂಜಿನ ಉಸ್ಮಾನಿಯಾ ದವಾಖಾನೆಯ ಹೆಸರು ನಮ್ಮ ಅಜ್ಜಿಗೂ ಗೊತ್ತಿತ್ತು.

ಕಾಕಾ ಮಾತ್ರ ಅದೇ ಹೈದರಾಬಾದಿನಲ್ಲಿದ್ದೂ ದವಾಖಾನೆಗೆ ಹೋಗಲಿಲ್ಲ. ಮೂರು ತಿಂಗಳು ಕೆಮ್ಮಿದರು. ನಾನಾಗ ಅವರ ಖೋಲಿಯಲ್ಲಿದ್ದು ಕಾಲೇಜಿಗೆ ಹೋಗ್ತಿದ್ದೆ. "ಕಾಕಾ, ಒಂದ್ಸಲ ತೋರಿಸಿಕೊಂಡು ಬರ್ರಿ" ಅಂದರೆ, "ಒಂದ್ ದಿನ ಹೋದ್ರ ಒಂದ್ ದಿನದ ಪಗಾರ ಹೋಗ್ತದ ತಮ್ಮಾ. ಊರಿಗಿ ಏನ್ ಕಳಸ್ಲಿ?" ಅನ್ನೋರು. ಅವರ ಟ್ರಂಕಿನಲ್ಲಿ ಇ.ಎಸ್.ಐ. ಕಾರ್ಡು ಇತ್ತು. ತಿಂಗಳಾ ತಿಂಗಳಾ ಅದಕ್ಕೆ ಪಗಾರದಿಂದ ಹಣವೂ ಕಟ್ಟಾಗ್ತಿತ್ತು. ಹಾಗಿದ್ದೂ ಯಾಕೆ ಹೋಗಲ್ಲ ಅಂತ ನನಗೆ ಸಿಟ್ಟು ಬರ್ತಿತ್ತು. ಅವರ ಲೆಕ್ಕ ತಪ್ಪಿರಲಿಲ್ಲ ಅನ್ನೋದು ಗೊತ್ತಾದದ್ದು ಬಹಳ ವರ್ಷದ ಮೇಲೆ, ಆ ಕಾರ್ಡಿನ ಇತಿಹಾಸ ಓದಿದಾಗ.

ಕೂಲಿಕಾರರಿಗೆ ಕಾಯಿಲೆ ವಿಮೆ ಬೇಕೆಂಬ ಮಾತನ್ನು ಕಾರ್ಮಿಕರ ಕುರಿತ ರಾಯಲ್ ಕಮಿಷನ್ 1931ರ ವರದಿಯಲ್ಲೇ ಎತ್ತಿತ್ತು. 1943ರಲ್ಲಿ ಸರ್ಕಾರ ಪ್ರೊ. ಬಿ.ಪಿ. ಅಡಾರಕರ್ ಅವರಿಗೆ ಯೋಜನೆ ತಯಾರಿಸಲು ಹೇಳಿತು. ಅವರು 1944ರಲ್ಲಿ ವರದಿ ಕೊಟ್ಟರು. ಅದರ ಬುನಾದಿಯ ಮೇಲೆ 1948ರಲ್ಲಿ ನೌಕರರ ರಾಜ್ಯ ವಿಮಾ ಕಾಯಿದೆ ಬಂತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಯಲ್ಲಿ ಯೋಜನೆ ಶುರುವಾಯಿತು. ಮಾಲೀಕನೂ ಕೆಲಸಗಾರನೂ ಇಬ್ಬರೂ ಹಣ ಕಟ್ಟಬೇಕು. ಔಷಧ, ಚಿಕಿತ್ಸೆ ಪುಕ್ಕಟೆ. ಡಾಕ್ಟರು ಚೀಟಿ ಬರೆದುಕೊಟ್ಟರೆ ಕೆಲಸವಿಲ್ಲದ ದಿನಗಳಿಗೆ ಪಗಾರದ ಒಂದು ಭಾಗ ನಗದು. ಆ ಹಣ ಪಡೆಯುವ ಅವಧಿಯಲ್ಲಿ ಮಾಲೀಕ ಅವನನ್ನು ಕೆಲಸದಿಂದ ತೆಗೆಯುವ ಹಾಗಿಲ್ಲ. ಜಡ್ಡಾದರೆ ಮಾಲೀಕನ ಮರ್ಜಿ ಕಾಯಬೇಕಿದ್ದವರಿಗೆ ಇದು ಸಣ್ಣ ಮಾತಲ್ಲ.

ಆದರೆ ಒಂದು ಷರತ್ತಿತ್ತು. ಕಾಯಿಲೆಯ ಮೊದಲ ಎರಡು ದಿನಕ್ಕೆ ನಗದು ಇಲ್ಲ. ಹಿಂದಿನ ಕಾಯಿಲೆ ಮುಗಿದು ಹದಿನೈದು ದಿನದೊಳಗೆ ಮತ್ತೆ ಮಲಗಿದರೆ ಮಾತ್ರ ವಿನಾಯಿತಿ. ಇದೇನೂ ನಮ್ಮವರು ಹುಡುಕಿದ್ದಲ್ಲ. ಬ್ರಿಟನ್ನಿನ 1911ರ ವಿಮಾ ಕಾಯಿದೆಯಲ್ಲಿ ಹಣ ನಾಲ್ಕನೆಯ ದಿನದಿಂದ ಸಿಗುತ್ತಿತ್ತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1927ರ ಒಪ್ಪಂದವೂ ಮೂರು ದಿನದವರೆಗೆ ಕಾಯಿಸಬಹುದು ಅಂದಿತ್ತು. ಸಣ್ಣಪುಟ್ಟ ಅರ್ಜಿಗಳ ಖರ್ಚು, ಸುಳ್ಳು ಕಾಯಿಲೆಯ ಭಯ ಇದರ ಹಿಂದಿನ ಕಾರಣ. ಹಾಗೆ ನೋಡಿದರೆ ನಮ್ಮ ಎರಡು ದಿನ ಉದಾರವೇ. ಆದರೆ ಡಾಕ್ಟರಿಗೆ ತೋರಿಸಿಕೊಂಡು ಬರೋಕೆ ಬೇಕಾಗುವುದು ಒಂದೇ ದಿನ. ಅದು ಆ ಎರಡರೊಳಗೇ ಮುಳುಗಿ ಹೋಗುತ್ತದೆ.

ಇನ್ನು ಉಳಿದದ್ದು ಗಳಿಕೆ ರಜೆ. 1948ರ ಕಾರ್ಖಾನೆ ಕಾಯಿದೆಯಲ್ಲಿ, ವರ್ಷಕ್ಕೆ 240 ದಿನ ದುಡಿದವನಿಗೆ ಮುಂದಿನ ವರ್ಷ 20 ದಿನಕ್ಕೊಂದರಂತೆ ರಜೆ. ಹದಿನೈದು ದಿನ ಮೊದಲು ಅರ್ಜಿ ಕೊಡಬೇಕು. ಜಡ್ಡಾದವನಿಗೆ ಆ ಗಡುವಿಲ್ಲ. ಕಾಕಾ ಆ ರಜೆ ತಗೊಂಡು ದವಾಖಾನೆಗೆ ಹೋಗಬಹುದಿತ್ತು. ಆದರೆ ಪರವೂರಲ್ಲಿ ದುಡಿಯುವವನಿಗೆ ರಜೆ ಅಂದರೆ ಊರು. ಬಿತ್ತಿಗೆ ನಾಲ್ಕು ದಿನ, ರಾಶಿಗೆ ನಾಲ್ಕು ದಿನ, ಮೈಲಾರ ಮಲ್ಲಣ್ಣನ ಜಾತ್ರೆಗೆ ಎರಡು ದಿನ. ದವಾಖಾನೆಗೆ ಕೊಟ್ಟ ಒಂದೊಂದು ದಿನವೂ ಹೆಂಡತಿ ಮಕ್ಕಳ ಮುಖ ನೋಡೋ ದಿನದಲ್ಲಿ ಕಮ್ಮಿ.

ಕೊನೆಗೆ ಕೆಮ್ಮಿನಲ್ಲಿ ರಕ್ತ ಕಂಡಿತು. ಜೊತೆಗಾರರೊಬ್ಬರು ಕೈ ಹಿಡಿದು ಕರಕೊಂಡು ಹೋದರು. ಕ್ಷಯ. ಅಲ್ಲಿಂದ ಮುಂದೆ ಅದೇ ಕಾಯಿದೆ ತಾಯಿಯಂತೆ ನೋಡಿಕೊಂಡಿತು ಅನ್ನಬೇಕು. ಕ್ಷಯದಂಥ ದೀರ್ಘ ಕಾಯಿಲೆಗೆ ಹೆಚ್ಚಿನ ಅವಧಿಯ ನಗದು ಇತ್ತು. ಕಾಕಾ ತಿಂಗಳುಗಟ್ಟಲೆ ಮಲಗಿದರು. ಪೂರ್ತಿ ಪಗಾರ ಅಲ್ಲದಿದ್ದರೂ ಒಲೆ ಆರಲಿಲ್ಲ, ಕೆಲಸ ಹೋಗಲಿಲ್ಲ. ಮೊದಲ ವಾರದಲ್ಲೇ ಹೋಗಿದ್ದರೆ ಇಷ್ಟು ಮಲಗಬೇಕಿತ್ತೇ ಅಂತ ಈಗಲೂ ಅನ್ನಿಸುತ್ತದೆ.

ಆಮೇಲೆ ಎಷ್ಟೋ ಬದಲಾಗಿದೆ. ಕಾಯಿಲೆ ನಗದು ವರ್ಷಕ್ಕೆ 91 ದಿನ, ಪಗಾರದ ಶೇಕಡ 70ಕ್ಕೆ ಬಂತು. 2009ರ ಗಣಕೀಕರಣದ ನಂತರ ಎರಡು ಕಾರ್ಡು ಕೊಡತೊಡಗಿದರು, ಒಂದು ದುಡಿಯುವವನ ಹತ್ತಿರ, ಇನ್ನೊಂದು ಊರಲ್ಲಿರುವ ಮನೆಯವರ ಹತ್ತಿರ ಇರಲಿ ಅಂತ. 2025ರ ನವೆಂಬರ್ 21ರಿಂದ 1948ರ ಆ ಎರಡೂ ಕಾಯಿದೆಗಳ ಜಾಗಕ್ಕೆ ಹೊಸ ಸಂಹಿತೆಗಳು ಬಂದಿವೆ. ನಾನೂ ಮೂರು ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆ ತೋರಿಸೋಕೆ ಅರ್ಧ ದಿನ ರಜೆ ಬರೆಯುತ್ತೇನೆ. ಬರೆಯೋ ಮುಂಚೆ ಊರಿಗೆ ಎಷ್ಟು ದಿನ ಉಳಿಯುತ್ತದೆ ಅಂತ ಎಣಿಸುವುದು ಮಾತ್ರ ಬಿಟ್ಟಿಲ್ಲ.

ಗುಣವಾಗಿ ಕೆಲಸಕ್ಕೆ ಮರಳಿದ ಮೇಲೆ ಕಾಕಾ ಒಂದು ರೂಢಿ ಮಾಡಿಕೊಂಡರು. ಊರಿಂದ ಹೊಸದಾಗಿ ಯಾವ ಹುಡುಗ ಬಂದರೂ ಮೊದಲು "ಕಾರ್ಡ್ ಮಾಡ್ಸಿ ಏನು? ನಿನ್ ದವಾಖಾನಿ ಯಾವುದು?" ಅಂತ ಕೇಳೋರು. ಯಾರಾದರೂ ಎರಡು ವಾರ ಕೆಮ್ಮಿದರೆ ತಾವೇ ರಜೆ ಹಾಕಿ ಕರಕೊಂಡು ಹೋಗೋರು. ಹಾಗೆ ರಜೆ ಎಲ್ಲ ಮುಗಿದು ಒಂದು ವರ್ಷ ಜಾತ್ರೆಗೆ ಊರಿಗೆ ಬರಲಿಲ್ಲ. ಕಾಕಿ ಎರಡು ತಿಂಗಳು ಮಾತು ಬಿಟ್ಟಿದ್ದರು.